ಓದುಗರ ಪ್ರಶ್ನೆ: ‘ಪೆಪ್ಪರ್’ ಒಳಗೆ ‘ಪೆನ್ನಿ ಲೇನ್’ಗೆ ಜಾಗವಿದೆಯೇ?

ಪ್ರಶ್ನೆ: ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಮ್ಮಿನ ಹಾಡುಗಳ ಪಟ್ಟಿಯನ್ನು ಅಭಿಮಾನಿಗಳು ಹೊಸದಾಗಿ ಜೋಡಿಸಿ, ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಮತ್ತು ‘ಪೆನ್ನಿ ಲೇನ್’ ಹಾಡುಗಳನ್ನು ಅದರೊಳಗೆ ಸೇರಿಸಿ ಕೇಳುತ್ತಾರೆ. ಆ ಎರಡು ಹಾಡುಗಳು ಮೊದಲೇ ಅಲ್ಲಿ ಏಕೆ ಇರಲಿಲ್ಲ? ಸೇರಿಸಿದರೆ ಆಲ್ಬಮ್ಮಿನ ತೂಕ ಹೆಚ್ಚುತ್ತದೆಯೇ?

ಉತ್ತರ: ಮೊದಲನೆಯದಕ್ಕೆ ಕಾರಣ ವ್ಯಾಪಾರ. 1966ರ ಆಗಸ್ಟ್‌ನಲ್ಲಿ ವೇದಿಕೆಯ ಕಾರ್ಯಕ್ರಮಗಳನ್ನು ನಿಲ್ಲಿಸಿದ ಬೀಟಲ್ಸ್, ಅದೇ ವರ್ಷದ ನವೆಂಬರ್ 24ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಮುಂದಿನ ಆಲ್ಬಮ್ಮಿನ ಕೆಲಸಕ್ಕೆ ಕೈಹಾಕಿದಾಗ ಮೊದಲು ಎತ್ತಿಕೊಂಡದ್ದೇ ‘ಸ್ಟ್ರಾಬೆರಿ ಫೀಲ್ಡ್ಸ್’. ಡಿಸೆಂಬರ್‌ನಲ್ಲಿ ‘ವೆನ್ ಐಯಾಮ್ ಸಿಕ್ಸ್ಟಿ-ಫೋರ್’ ಮತ್ತು ‘ಪೆನ್ನಿ ಲೇನ್’ ಹಾಡುಗಳ ಮುದ್ರಣ ಶುರುವಾಯಿತು. ಆ ಹೊತ್ತಿಗೆ ತಂಡದ ಹೊಸ ಹಾಡು ಹೊರಬಂದು ತಿಂಗಳುಗಳೇ ಕಳೆದಿದ್ದವು. ಕಂಪನಿಗೂ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೈನ್ ಅವರಿಗೂ ಒಂದು ಸಿಂಗಲ್ (ಬದಿಗೊಂದು ಹಾಡಿರುವ ಚಿಕ್ಕ ಧ್ವನಿಮುದ್ರಿಕೆ) ತುರ್ತಾಗಿ ಬೇಕಿತ್ತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ತಮ್ಮ ಬಳಿ ಸಿದ್ಧವಿದ್ದವುಗಳಲ್ಲಿ ಅತ್ಯುತ್ತಮವಾದ ಎರಡನ್ನು ಕೊಟ್ಟುಬಿಟ್ಟರು, ಅವು 1967ರ ಫೆಬ್ರವರಿಯಲ್ಲಿ ಒಂದೇ ತಟ್ಟೆಯ ಎರಡು ಬದಿಗಳಾಗಿ ಮಾರುಕಟ್ಟೆಗೆ ಬಂದವು. ಸಿಂಗಲ್ ಆಗಿ ಮಾರಿದ ಹಾಡನ್ನು ಎಲ್‌ಪಿಯಲ್ಲಿ (ಇಡೀ ಆಲ್ಬಮ್ ಹಿಡಿಸುವ ದೊಡ್ಡ ತಟ್ಟೆ) ಮತ್ತೆ ಸೇರಿಸಿ, ಕೊಳ್ಳುವವರಿಂದ ಎರಡು ಸಲ ಹಣ ಪಡೆಯಬಾರದು ಎಂಬ ಪದ್ಧತಿ ಆಗಿನ ಬ್ರಿಟನ್ನಿನಲ್ಲಿ ಇದ್ದುದರಿಂದ ಎರಡಕ್ಕೂ ಆಲ್ಬಮ್ಮಿನ ಬಾಗಿಲು ಮುಚ್ಚಿತು. ಅಷ್ಟು ತ್ಯಾಗ ಮಾಡಿಯೂ ಆ ಸಿಂಗಲ್ ಬ್ರಿಟನ್ನಿನಲ್ಲಿ ಎಂಗಲ್‌ಬರ್ಟ್ ಹಂಪರ್‌ಡಿಂಕ್ ಅವರ ‘ರಿಲೀಸ್ ಮಿ’ ಎಂಬ ಹಾಡಿನ ಹಿಂದೆ ಎರಡನೆಯ ಸ್ಥಾನಕ್ಕೇ ನಿಂತಿತು. ಅವುಗಳನ್ನು ಆಲ್ಬಮ್ಮಿನಿಂದ ಕೈಬಿಟ್ಟದ್ದು ತಮ್ಮ ವೃತ್ತಿಜೀವನದ ಅತಿ ದೊಡ್ಡ ತಪ್ಪು ಎಂದು ಮಾರ್ಟಿನ್ ಮುಂದೆ ಒಪ್ಪಿಕೊಂಡರು. ಅಭಿಮಾನಿಗಳ ಈ ಆಟಕ್ಕೆ ಪರವಾನಗಿ ಸಿಕ್ಕಿದ್ದು ಬಹುಶಃ ಆ ಮಾತಿನಿಂದಲೇ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುವ ಮುನ್ನ ಸ್ವಲ್ಪ ಲೆಕ್ಕ ಹಾಕಬೇಕು. ಈಗಿರುವ ಆಲ್ಬಮ್ಮಿನ ಮೊದಲ ಬದಿ ಹತ್ತೊಂಬತ್ತೂವರೆ ನಿಮಿಷ, ಎರಡನೆಯ ಬದಿ ಇಪ್ಪತ್ತು ನಿಮಿಷ. ‘ಸ್ಟ್ರಾಬೆರಿ ಫೀಲ್ಡ್ಸ್’ ನಾಲ್ಕು ನಿಮಿಷಕ್ಕೆ ತುಸು ಹೆಚ್ಚು, ‘ಪೆನ್ನಿ ಲೇನ್’ ಮೂರು ನಿಮಿಷ. ಏನನ್ನೂ ತೆಗೆಯದೆ ಎರಡನ್ನೂ ಸೇರಿಸಿದರೆ ಒಟ್ಟು ನಲವತ್ತೇಳು ನಿಮಿಷವಾಗಿ, ಬದಿಯೊಂದಕ್ಕೆ ಇಪ್ಪತ್ತಮೂರೂವರೆ ನಿಮಿಷ ಬೀಳುತ್ತದೆ. ಎಲ್‌ಪಿಯ ಮೇಲೆ ಅಷ್ಟನ್ನು ಕೊರೆಯಲು ಬಾರದು ಎಂದಲ್ಲ; ಆದರೆ ಗೆರೆಗಳು ಒತ್ತೊತ್ತಾಗಿ ಬರುವುದರಿಂದ ಧ್ವನಿಯ ಮಟ್ಟವನ್ನೂ ಕೆಳಸ್ವರಗಳ ಭಾರವನ್ನೂ ತಗ್ಗಿಸಬೇಕಾಗುತ್ತದೆ, ಬೇಸ್ ಗಿಟಾರಿನ ಮೇಲೆ ಅಷ್ಟೊಂದು ಆಸೆ ಇಟ್ಟಿದ್ದ ಈ ಆಲ್ಬಮ್ಮಿಗೆ ಅದು ಸಣ್ಣ ನಷ್ಟವಲ್ಲ. ಆದ್ದರಿಂದ ಕೂಡಿಸುವವರು ಏನನ್ನು ಕಳೆಯುತ್ತಾರೆ ಎಂಬುದನ್ನೂ ಹೇಳಬೇಕು. ಕಳೆಯದೆ ಕೂಡಿಸಿದ ಪಟ್ಟಿಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಹೆಚ್ಚಿನವರ ಕತ್ತರಿ ನೇರವಾಗಿ ಹೋಗುವುದು ಜಾರ್ಜ್ ಹ್ಯಾರಿಸನ್ ಅವರ ‘ವಿದಿನ್ ಯೂ ವಿದೌಟ್ ಯೂ’ ಹಾಡಿನ ಕಡೆಗೆ. ಐದು ನಿಮಿಷದ ಹಾಡು, ತೆಗೆದರೆ ಜಾಗ ಧಾರಾಳ, ಮೇಲಾಗಿ ಉಳಿದ ಬೀಟಲ್‌ಗಳು ಅದರಲ್ಲಿ ನುಡಿಸಿಯೇ ಇಲ್ಲ ಎಂಬುದು ಅವರ ವಾದ. ನನಗೆ ಇದು ಒಪ್ಪಿಗೆಯಿಲ್ಲ. ದಿಲ್‌ರುಬಾ, ತಬಲಾ, ತಂಬೂರಿಗಳ ಜೊತೆಗೆ ಪಿಟೀಲು ಮತ್ತು ಚೆಲೋಗಳನ್ನು ಹೊಂದಿಸಿದ ಆ ಹಾಡು ಎರಡನೆಯ ಬದಿಯ ಬಾಗಿಲಲ್ಲೇ ನಿಂತು, ಕೇಳುಗರು ಎದ್ದುಹೋಗಿ ತಟ್ಟೆಯನ್ನು ಮಗುಚಿ ಬಂದು ಕುಳಿತ ಆ ಬಿಡುವನ್ನು ಬಳಸಿಕೊಳ್ಳುತ್ತದೆ. ಅದರ ಕೊನೆಯಲ್ಲಿ ಕೇಳಿಬರುವ ನಗುವೂ, ಅದರ ಬೆನ್ನಿಗೇ ಬರುವ ‘ಸಿಕ್ಸ್ಟಿ-ಫೋರ್’ ಹಾಡಿನ ಕ್ಲಾರಿನೆಟ್ಟುಗಳೂ ಬಿಗಿದ ಗಾಳಿಯನ್ನು ಸಡಿಲಿಸುತ್ತವೆ. ಆ ಜಾಗದಲ್ಲಿ ‘ಸ್ಟ್ರಾಬೆರಿ ಫೀಲ್ಡ್ಸ್’ ಇಟ್ಟು ಕೇಳಿದ್ದೇನೆ. ಹಾಡಿಗೆ ಕುಂದಿಲ್ಲ, ಆದರೆ ಮುಂದಿನ ಕ್ಲಾರಿನೆಟ್ಟು ಯಾವ ಭಾರವನ್ನು ಇಳಿಸಲು ಬಂದಿತ್ತೋ ಆ ಭಾರವೇ ಅರ್ಧ ಕರಗಿರುತ್ತದೆ.

ನನ್ನದೂ ಒಂದು ಪಟ್ಟಿ ಇದೆ ಎಂದು ಹೇಳದೆ ಬೇರೆಯವರನ್ನು ದೂರುವುದು ಸರಿಯಲ್ಲ. ಎರಡನೆಯ ಬದಿಯನ್ನು ನಾನು ಮುಟ್ಟುವುದಿಲ್ಲ. ಮೊದಲ ಬದಿಯಿಂದ ‘ಗೆಟಿಂಗ್ ಬೆಟರ್’ ಮತ್ತು ‘ಫಿಕ್ಸಿಂಗ್ ಎ ಹೋಲ್’ ತೆಗೆಯುತ್ತೇನೆ. ಆಗ ಶೀರ್ಷಿಕೆಗೀತೆ, ಅದಕ್ಕೆ ಅಂಟಿಕೊಂಡೇ ಬರುವ ‘ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’, ‘ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್’, ‘ಪೆನ್ನಿ ಲೇನ್’, ‘ಷೀಸ್ ಲೀವಿಂಗ್ ಹೋಮ್’, ‘ಮಿಸ್ಟರ್ ಕೈಟ್’, ಕೊನೆಗೆ ‘ಸ್ಟ್ರಾಬೆರಿ ಫೀಲ್ಡ್ಸ್’ ಎಂಬ ಕ್ರಮ ಬರುತ್ತದೆ. ಒಟ್ಟು ಇಪ್ಪತ್ತೊಂದೂಕಾಲು ನಿಮಿಷಕ್ಕೆ ತುಸು ಹೆಚ್ಚು, ಎಲ್‌ಪಿಗೆ ಒಗ್ಗುವಷ್ಟು. ‘ಮಿಸ್ಟರ್ ಕೈಟ್’ ಹಾಡಿನಲ್ಲಿ ಸುಳಿಯುವ ಸರ್ಕಸ್ ಸದ್ದು ಹಳೆಯ ಆರ್ಗನ್ ಮುದ್ರಣಗಳ ಟೇಪುಗಳನ್ನು ತುಂಡು ತುಂಡಾಗಿ ಕತ್ತರಿಸಿ ಕ್ರಮವಿಲ್ಲದೆ ಅಂಟಿಸಿದ್ದು (ಪಟ್ಟಿ ಬದಲಿಸುವವರಿಗೆ ಮಾರ್ಟಿನ್ ಅವರೇ ಗುರು ಎನ್ನಬೇಕು). ‘ಸ್ಟ್ರಾಬೆರಿ ಫೀಲ್ಡ್ಸ್’ ಕೂಡ ಬೇರೆ ವೇಗ, ಬೇರೆ ಶ್ರುತಿಯ ಎರಡು ಮುದ್ರಣಗಳನ್ನು ಯಂತ್ರದ ವೇಗ ಹೊಂದಿಸಿ, ಸುಮಾರು ಒಂದು ನಿಮಿಷದ ಗುರುತಿನಲ್ಲಿ ಬೆಸೆದ ಹಾಡು. ಇವೆರಡೂ ಒಂದರ ಪಕ್ಕ ಒಂದು ಬಂದಾಗ ಒಂದೇ ಕಮ್ಮಟದಲ್ಲಿ ಹುಟ್ಟಿದವು ಎಂಬುದು ಕಿವಿಗೇ ತಿಳಿಯುತ್ತದೆ. ಮೇಲಾಗಿ ‘ಸ್ಟ್ರಾಬೆರಿ ಫೀಲ್ಡ್ಸ್’ ಮುಗಿದಂತೆ ಕರಗಿ, ಮತ್ತೆ ಮೇಲೆದ್ದು ಬರುವ ಹಾಡಾದುದರಿಂದ, ತಟ್ಟೆ ಮಗುಚಲು ಎದ್ದವರನ್ನು ಅರ್ಧದಾರಿಯಲ್ಲಿ ನಿಲ್ಲಿಸುತ್ತದೆ.

ಹೀಗೆ ಜೋಡಿಸಿದಾಗ ಲಿವರ್‌ಪೂಲ್ ನಗರ ಮುನ್ನೆಲೆಗೆ ಬರುತ್ತದೆ. ಪೆನ್ನಿ ಲೇನ್ ಅಲ್ಲಿನ ಒಂದು ರಸ್ತೆ, ಸ್ಟ್ರಾಬೆರಿ ಫೀಲ್ಡ್ ಜಾನ್ ಲೆನನ್ ಬಾಲ್ಯದಲ್ಲಿ ಸುತ್ತಾಡಿದ ಪರಿಸರದಲ್ಲಿದ್ದ ಮಕ್ಕಳ ಆಶ್ರಮ. ಬಾಲ್ಯದ ನೆನಪೇ ಆಲ್ಬಮ್ಮಿನ ಸೂತ್ರವಾಗಿ, ಬೀಟಲ್ಸ್ ತಾವೇ ಸಾರ್ಜೆಂಟ್ ಪೆಪ್ಪರ್ ಎಂಬವನ ಕಲ್ಪಿತ ವಾದ್ಯಮೇಳವಾಗಿ ಹಾಡುವ ಕಥೆ ಹಿಂದೆ ಸರಿಯುತ್ತದೆ. ಆ ಕಥೆಗೂ ತಮ್ಮ ಹಾಡುಗಳಿಗೂ ಸಂಬಂಧವಿಲ್ಲ ಎಂದು ಲೆನನ್ ಅವರೇ ಹೇಳಿದ್ದರಿಂದ ಇದರಲ್ಲಿ ಅಪಚಾರವೇನೂ ಇಲ್ಲ. ಹಾಗಿದ್ದರೂ ನಾನು ಕಳೆದುಕೊಂಡದ್ದು ಏನೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ತೆಗೆದ ಎರಡೂ ಹಾಡುಗಳಲ್ಲಿ ವಿದ್ಯುತ್ ಗಿಟಾರು ಎದ್ದು ಕೇಳುತ್ತದೆ. ಅವು ಹೋದ ಮೇಲೆ ಮೊದಲ ಬದಿಯ ಉತ್ತರಾರ್ಧದಲ್ಲಿ ತುತ್ತೂರಿ, ಹಾರ್ಪ್, ಆರ್ಗನ್, ಚೆಲೋಗಳೇ ತುಂಬಿ, ಇದು ರಾಕ್ ತಂಡವೊಂದರ ಆಲ್ಬಮ್ ಎಂಬುದೇ ಮರೆತುಹೋಗುತ್ತದೆ. ತೂಕ ಹೆಚ್ಚಿತೇ ಎಂದು ಕೇಳಿದ್ದೀರಿ. ಹೆಚ್ಚಿತು, ನಡಿಗೆ ನಿಧಾನವಾಯಿತು.

ಪ್ರಶ್ನೆ: ಅದೇ ಕಾಲದಲ್ಲಿ ಮುದ್ರಣವಾಗಿ ಹೊರಗುಳಿದ ಹ್ಯಾರಿಸನ್ ಅವರ ‘ಓನ್ಲಿ ಎ ನಾರ್ದರ್ನ್ ಸಾಂಗ್’ ಹಾಡನ್ನು ಸೇರಿಸಬಹುದೇ?

ಉತ್ತರ: ಸೇರಿಸಬಹುದು, ಸೇರಿಸಬೇಕಾಗಿಲ್ಲ. 1967ರ ಫೆಬ್ರವರಿಯಲ್ಲಿ ಅದನ್ನು ಪಕ್ಕಕ್ಕಿಟ್ಟ ಮೇಲೆ ಹ್ಯಾರಿಸನ್ ತಂದದ್ದು ‘ವಿದಿನ್ ಯೂ ವಿದೌಟ್ ಯೂ’. ವಿನಿಮಯದಲ್ಲಿ ಲಾಭವೇ ಆಗಿದೆ. ಹೊರಗುಳಿದ ಹಾಡಿಗೆ 1969ರ ‘ಯೆಲ್ಲೋ ಸಬ್‌ಮರೀನ್’ ಆಲ್ಬಮ್ಮಿನಲ್ಲಿ ಜಾಗ ಸಿಕ್ಕಿತು.

ಪ್ರಶ್ನೆ: ಕಲಾವಿದರು ನಿರ್ಧರಿಸಿದ ಕ್ರಮವನ್ನು ಕೇಳುಗರು ಬದಲಿಸುವುದು ಉದ್ಧಟತನವಲ್ಲವೇ?

ಉತ್ತರ: ಆ ಕ್ರಮ ಅಷ್ಟೊಂದು ಅಚಲವಾಗಿದ್ದರೆ ಈ ಮಾತನ್ನು ಒಪ್ಪಬಹುದಿತ್ತು. ಇದೇ ಆಲ್ಬಮ್ಮಿನ ಮೊದಲ ಬದಿಗೆ ಆರಂಭದಲ್ಲಿ ಬೇರೆಯೇ ಕ್ರಮ ಗೊತ್ತಾಗಿತ್ತು: ಮೊದಲೆರಡು ಹಾಡುಗಳ ಬಳಿಕ ‘ಮಿಸ್ಟರ್ ಕೈಟ್’, ‘ಫಿಕ್ಸಿಂಗ್ ಎ ಹೋಲ್’, ‘ಲೂಸಿ’, ‘ಗೆಟಿಂಗ್ ಬೆಟರ್’, ಕೊನೆಗೆ ‘ಷೀಸ್ ಲೀವಿಂಗ್ ಹೋಮ್’. ಹಾಡುಗಳು ಅವೇ ಏಳು. ಒಮ್ಮೆ ಹಾಗೆ ಜೋಡಿಸಿ ಕೇಳಿ ನೋಡಿ, ‘ಲೂಸಿ’ಯನ್ನು ಮುಂದಕ್ಕೆ ತಂದದ್ದು ಎಷ್ಟು ಜಾಣ ನಿರ್ಧಾರವೆಂಬುದು ಆಗ ಅರಿವಾಗುತ್ತದೆ. ನನ್ನ ಮಟ್ಟಿಗೆ ಈ ಆಟದ ಪ್ರಯೋಜನವೆಲ್ಲ ಇಂಥ ಆಲಿಸುವಿಕೆಯಲ್ಲಿದೆ.

ಇನ್ನು ಕಂಪನಿಗಳು ಮಾಡಿದ ಬದಲಾವಣೆಗಳ ಮುಂದೆ ಅಭಿಮಾನಿಗಳು ಬಹಳ ಸಾಧುಗಳು. ಜಿಮಿ ಹೆಂಡ್ರಿಕ್ಸ್ ತಂಡದ ‘ಆರ್ ಯೂ ಎಕ್ಸ್‌ಪೀರಿಯೆನ್ಸ್‌ಡ್’ 1967ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಬಂದಾಗ ಅದರಲ್ಲಿ ‘ಪರ್ಪಲ್ ಹೇಜ್’ ಇರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಅಮೆರಿಕದ ಆವೃತ್ತಿ ‘ಪರ್ಪಲ್ ಹೇಜ್’ನಿಂದಲೇ ಆರಂಭವಾಯಿತು, ‘ರೆಡ್ ಹೌಸ್’ ಸೇರಿದಂತೆ ಮೂರು ಹಾಡುಗಳು ಹೊರಬಿದ್ದವು. ಪಿಂಕ್ ಫ್ಲಾಯ್ಡ್ ತಂಡದ ಮೊದಲ ಆಲ್ಬಮ್ಮಿನ ಗತಿ ಇನ್ನೂ ವಿಚಿತ್ರ. ಬ್ರಿಟನ್ನಿನಲ್ಲಿ ಅದು ‘ಆಸ್ಟ್ರಾನಮಿ ಡೊಮಿನೆ’ಯಿಂದ ತೊಡಗಿ ‘ಬೈಕ್’ ಹಾಡಿನಲ್ಲಿ ಮುಗಿದರೆ, ಅಮೆರಿಕದವರು ಆ ಎರಡನ್ನೂ ‘ಫ್ಲೇಮಿಂಗ್’ ಹಾಡನ್ನೂ ಕೈಬಿಟ್ಟು, ‘ಸೀ ಎಮಿಲಿ ಪ್ಲೇ’ ಎಂಬ ಸಿಂಗಲ್ಲನ್ನು ಮೊದಲಿಗಿಟ್ಟು, ಹತ್ತು ನಿಮಿಷಕ್ಕೆ ಸಮೀಪಿಸುವ ‘ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್’ ವಾದ್ಯರಚನೆಯನ್ನು ಕೊನೆಗೆ ತಳ್ಳಿದರು. ಮಗುವಿನ ತುಂಟತನದಲ್ಲಿ ಮುಗಿಯಬೇಕಿದ್ದ ತಟ್ಟೆ ಅಂತರಿಕ್ಷದಲ್ಲಿ ಮುಗಿಯಿತು. ಆ ಕ್ರಮವನ್ನೇ ಕೇಳಿ ಬೆಳೆದವರಿಗೆ ‘ಮೂಲ’ ಯಾವುದು? ಬೀಟಲ್ಸ್ ಕೂಡ ಇದಕ್ಕೆ ಹೊರತಾಗಿರಲಿಲ್ಲ; 1966ರ ‘ರಿವಾಲ್ವರ್’ ಅಮೆರಿಕದಲ್ಲಿ ಲೆನನ್ ಅವರ ಮೂರು ಹಾಡುಗಳಿಲ್ಲದೆ ಮಾರಾಟವಾಯಿತು. ಎರಡೂ ದೇಶಗಳಲ್ಲಿ ಒಂದೇ ಪಟ್ಟಿಯೊಂದಿಗೆ ಬಂದ ಅವರ ಮೊದಲ ಆಲ್ಬಮ್ ಈ ‘ಪೆಪ್ಪರ್’.

ಪ್ರಶ್ನೆ: ‘ಎ ಡೇ ಇನ್ ದ ಲೈಫ್’ ಹಾಡಿನ ನಂತರ ‘ಸ್ಟ್ರಾಬೆರಿ ಫೀಲ್ಡ್ಸ್’ ಇಟ್ಟು ಆಲ್ಬಮ್ ಮುಗಿಸಿದರೆ ಹೇಗೆ?

ಉತ್ತರ: ಎರಡನೆಯ ಬದಿಯ ಕೊನೆಯ ಮೂರು ಹಾಡುಗಳು ಬಿಡಿ ಹಾಡುಗಳಲ್ಲ, ಒಂದೇ ಸರಪಳಿ. ‘ಗುಡ್ ಮಾರ್ನಿಂಗ್’ ಹಾಡಿನ ಕೊನೆಯ ಕೋಳಿಯ ಕೂಗು ಮುಂದಿನ ಗಿಟಾರಿನ ಸ್ವರವಾಗಿ ಮಾರ್ಪಡುತ್ತದೆ. ಮರುಕಳಿಸಿದ ಶೀರ್ಷಿಕೆಗೀತೆಯ ಚಪ್ಪಾಳೆಯ ಒಳಗಿನಿಂದಲೇ ‘ಎ ಡೇ ಇನ್ ದ ಲೈಫ್’ ಎದ್ದುಬರುತ್ತದೆ. ಅದರ ಅಂತ್ಯದಲ್ಲಿ ಹಲವು ಪಿಯಾನೊಗಳ ಮೇಲೆ ಒಟ್ಟಿಗೆ ಒತ್ತಿದ ಒಂದೇ ಸ್ವರಮೇಳ ನಲವತ್ತು ಸೆಕೆಂಡಿಗೂ ಹೆಚ್ಚು ಕಾಲ ಕ್ಷೀಣಿಸುತ್ತ ಹೋಗುತ್ತದೆ. ಅದರ ಬಳಿಕ ಬ್ರಿಟನ್ನಿನ ತಟ್ಟೆಯಲ್ಲಿ ನಾಯಿಗಳ ಕಿವಿಗೆ ಕೇಳಲೆಂದು ಸೇರಿಸಿದ ತೀಕ್ಷ್ಣ ಶ್ರುತಿಯೊಂದಿದೆ. ಅದನ್ನು ದಾಟಿದರೆ ಒಳಗಿನ ಕೊನೆಯ ಗೆರೆಯಲ್ಲಿ ಅರ್ಥವಿಲ್ಲದ ಮಾತಿನ ತುಣುಕು. ತಾನಾಗಿ ನಿಲ್ಲದ ಗ್ರಾಮಫೋನಿನಲ್ಲಿ ಆ ತುಣುಕು, ಯಾರಾದರೂ ಎದ್ದುಬಂದು ಮುಳ್ಳನ್ನು ಎತ್ತುವವರೆಗೆ, ಸುತ್ತಿ ಸುತ್ತಿ ಕೇಳುತ್ತಲೇ ಇರುತ್ತದೆ. ‘ಸ್ಟ್ರಾಬೆರಿ ಫೀಲ್ಡ್ಸ್’ ಹಾಡನ್ನು ನೀವು ಇಡಬೇಕೆಂದಿರುವುದು ಅದರ ಆಚೆಗೆ.