ಮುಂಗಡ ಕಟ್ಟುವ ಮುನ್ನ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು ಮತ್ತಿತರ ವಿವರಗಳನ್ನು ಬದಲಿಸಲಾಗಿದೆ. ಪ್ರಕಟಣೆಗೆ ಆಕೆಯ ಒಪ್ಪಿಗೆ ಪಡೆಯಲಾಗಿದೆ.)

ಮಲೆನಾಡಿನ ಅಡಿಕೆ ಬೆಳೆಗಾರರ ಮಗಳಾದ 24 ವರ್ಷದ ಯುವತಿಯೊಬ್ಬರು, ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕ ಬಳಿಕ ನನ್ನನ್ನು ಕಾಣಲು ಬಂದರು. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿ ದುಡಿಯುತ್ತಿದ್ದ ಅವರಿಗೆ ತಿಂಗಳಿಗೆ 42,000 ರೂಪಾಯಿ ಕೈಗೆ ಬರುತ್ತಿತ್ತು. ಮುಂಗಡ ಶುಲ್ಕ ಕಟ್ಟುವ ಗಡುವು ಹತ್ತಿರವಾಗಿತ್ತು, ವಿದೇಶದಲ್ಲಿ ಸೀಟು ಕೊಡಿಸುವ ಕನ್ಸಲ್ಟೆನ್ಸಿಯವರು ದಿನವೂ ಫೋನ್ ಮಾಡುತ್ತಿದ್ದರು. “ಹೋಗಲೋ ಬೇಡವೋ, ನೀವೇ ಹೇಳಿಬಿಡಿ ಮೇಡಂ” ಎಂದೇ ಅವರು ಮಾತು ಆರಂಭಿಸಿದರು.

ಏನು ಓದಲು ಹೋಗುತ್ತಿದ್ದೀರಿ ಎಂದು ಕೇಳಿದಾಗ ಬಂದದ್ದು ರ್‍ಯಾಂಕಿಂಗ್, ವೀಸಾ ಮತ್ತು ಐಇಎಲ್‌ಟಿಎಸ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಅಂಕಗಳ ವಿವರ. ಈಗಿನ ಕೆಲಸದ ಬಗ್ಗೆ ಕೇಳಿದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಅಪಾರ್ಟ್‌ಮೆಂಟ್‌ಗಳ ಕೊಳಚೆ ನೀರು ಶುದ್ಧೀಕರಣ ಘಟಕಗಳನ್ನು ವಿನ್ಯಾಸಗೊಳಿಸುವ ಅವರು, ರಾತ್ರಿ ಏರೇಶನ್ ಬ್ಲೋವರ್ (ನೀರಿಗೆ ಗಾಳಿ ಊದುವ ಯಂತ್ರ) ಆಫ್ ಮಾಡಿ ವಿದ್ಯುತ್ ಬಿಲ್ ಉಳಿಸುವ ಕಟ್ಟಡಗಳಲ್ಲಿ ಗಾಳಿ ಸಿಗದೆ, ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಸತ್ತು ಬೆಳಗಿನ ಹೊತ್ತಿಗೆ ನೀರು ನಾರುವುದನ್ನು, ಅದನ್ನು ಸರಿಪಡಿಸುವ ದಾರಿ ತನಗೆ ಇನ್ನೂ ಪೂರ್ತಿ ತಿಳಿಯದಿರುವುದನ್ನು ಬಹಳ ಹೊತ್ತು ವಿವರಿಸಿದರು. ಓದುವ ಆಸೆ ನಿಜವಾದದ್ದು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಆದರೆ ಇದೇ ಸೆಪ್ಟೆಂಬರ್‌ನಲ್ಲೇ ಹೊರಡಬೇಕೆಂಬ ಅವಸರ ಆ ಆಸೆಯಿಂದ ಹುಟ್ಟಿದಂತೆ ಕಾಣಲಿಲ್ಲ.

ಎರಡನೆಯ ಭೇಟಿಯಲ್ಲಿ ಅದರ ಮೂಲ ಹೊರಬಂತು. ಮನೆಯಲ್ಲಿ ಜಾತಕ ಹೊರಗೆ ಕೊಡುವ ಮಾತು ಶುರುವಾಗಿತ್ತು. ಈಗ ಮದುವೆ ಬೇಡ ಎಂದರೆ ಕಾರಣ ಕೇಳುತ್ತಾರೆ, ಫಾರಿನ್‌ಗೆ ಓದಲು ಹೋಗುತ್ತೇನೆ ಎಂದರೆ ಯಾರೂ ಏನೂ ಕೇಳುವುದಿಲ್ಲ, ಸಂಬಂಧಿಕರೂ ಮೆಚ್ಚಿಕೊಳ್ಳುತ್ತಾರೆ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಮದುವೆಯನ್ನು ಎರಡು ವರ್ಷ ಮುಂದೂಡಲು ಮನೆಯವರ ಮುಂದೆ ಗೌರವದಿಂದ ಹೇಳಬಹುದಾದ ಕಾರಣ ಆಕೆಗೆ ಇದೊಂದೇ ತೋರಿತ್ತು. ನಮ್ಮ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಎಷ್ಟೋ ನಿರ್ಧಾರಗಳ ಹಿಂದೆ ಈ ಒತ್ತಡವಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳಲಾಗದ ಸ್ಥಿತಿ ನನಗೆ ತುಂಬ ನೋವು ಕೊಡುತ್ತದೆ.

ಮದುವೆಯ ಮಾತನ್ನು ಓದಿನ ಮಾತಿನಿಂದ ಬೇರ್ಪಡಿಸಿ, ತಾಯಿಯ ಬಳಿ ಅದನ್ನಷ್ಟೇ ಮಾತಾಡಬೇಕು, ಆ ದಿನ ವಿದೇಶದ ವಿಷಯ ಎತ್ತಬಾರದು ಎಂಬುದು ನಾನು ಕೊಟ್ಟ ಮೊದಲ ಸಲಹೆ. ಅದಕ್ಕೂ ಮುನ್ನ ಸಾಲದ ಲೆಕ್ಕವನ್ನು ಒಟ್ಟಿಗೆ ಕುಳಿತು ಕಾಗದದ ಮೇಲೆ ಬರೆದೆವು. 30 ಲಕ್ಷ ರೂಪಾಯಿಯನ್ನು ಶೇ 11ರ ಬಡ್ಡಿಗೆ ಪಡೆದು 10 ವರ್ಷಗಳಲ್ಲಿ ತೀರಿಸುವುದಾದರೆ ಕಂತು ಸುಮಾರು 41,000 ರೂಪಾಯಿ ಎಂದು ಅವರಿಗೆ ತಿಳಿಸಲಾಗಿತ್ತು. ಕೋರ್ಸಿನ ಒಂದು ವರ್ಷ ಮತ್ತು ನಂತರದ ಇನ್ನೊಂದು ವರ್ಷ ಕಂತಿಗೆ ವಿನಾಯಿತಿ ಇದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅದನ್ನು ಆ ಅವಧಿಯಲ್ಲಿ ಕಟ್ಟದೆ ಬಿಟ್ಟರೆ 6 ಲಕ್ಷಕ್ಕೂ ಹೆಚ್ಚು ಅಸಲಿಗೆ ಸೇರಿ, ಕಂತು 50,000 ರೂಪಾಯಿಯ ಹತ್ತಿರಕ್ಕೆ ಬರುತ್ತದೆ. ಅಲ್ಲಿ ಕೆಲಸ ಸಿಗದೆ ಮರಳಿದರೆ ಈಗಿನ ಸಂಬಳ ಕಂತಿಗೂ ಸಾಲುವುದಿಲ್ಲ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಓದಿನ ನಂತರ ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷಗಳ ಅವಕಾಶವೂ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಈ ಸೆಪ್ಟೆಂಬರ್‌ನಲ್ಲಿ ಕೋರ್ಸ್ ಸೇರಿದರೆ ಆಕೆಗೆ ಅನ್ವಯಿಸುವುದು ಈ ಕಡಿಮೆ ಅವಧಿಯೇ. ಆ ಹಾಳೆಯನ್ನು ಅವರು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು.

ಆಕೆಯ ಒಪ್ಪಿಗೆಯ ಮೇರೆಗೆ ತಂದೆಯವರನ್ನೂ ಕರೆಸಿದೆ. ಎಲೆಚುಕ್ಕಿ ರೋಗದಿಂದ ಫಸಲು ಇಳಿದಿದ್ದರೂ, ಮಗನಿಗಾಗಿ ಶಿವಮೊಗ್ಗದಲ್ಲಿ ಕೊಂಡಿದ್ದ ಸೈಟನ್ನು ಅಡಮಾನ ಇಡಲು ಅವರು ಒಪ್ಪಿದ್ದರು. “ಅವಳು ಬಾಯಿಬಿಟ್ಟು ಕೇಳಿದ್ದೇ ಇದೊಂದು ಮೇಡಂ, ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ” ಎಂದರು. ಮದುವೆಗೆ ಅವಸರವೇನಿಲ್ಲ, ಆ ಮಾತೆಲ್ಲ ಅವಳ ಅಮ್ಮ ಮತ್ತು ಅತ್ತೆಯದು ಎಂದು ಸೇರಿಸಿದರು. ಮಗಳಿಗೆ ಅದು ಗೊತ್ತೇ ಇರಲಿಲ್ಲ.

ಮುಂಗಡ ಕಟ್ಟುವ ಬದಲು ಪ್ರವೇಶವನ್ನು ಮುಂದಿನ ವರ್ಷಕ್ಕೆ ವರ್ಗಾಯಿಸಲು ಸಾಧ್ಯವೇ ಎಂದು ವಿಶ್ವವಿದ್ಯಾಲಯಕ್ಕೆ ನೇರವಾಗಿ ಬರೆಯುವಂತೆ ಸೂಚಿಸಿದೆ. ಜೊತೆಗೆ, ನೀರಿನ ಎಂಜಿನಿಯರಿಂಗ್‌ನಲ್ಲಿ ಒಳ್ಳೆಯ ಹೆಸರಿರುವ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳನ್ನೂ ಪರಿಶೀಲಿಸಲು ಹೇಳಿದೆ. ಅಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಮಾತ್ರ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ವಿಧಿಸತೊಡಗಿದೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ (ಜೀವನವೆಚ್ಚಕ್ಕೆ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ಒಂದು ವರ್ಷಕ್ಕೆ 11,904 ಯೂರೋ, ಅಂದರೆ 12 ಲಕ್ಷ ರೂಪಾಯಿಗೂ ಹೆಚ್ಚು, ಇಡಬೇಕು. ಭಾರತೀಯರಿಗೆ, ಅಂಕಪಟ್ಟಿ, ಪದವಿಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ. ಆದರೆ ಕೋರ್ಸ್ ಇಂಗ್ಲಿಷಿನಲ್ಲಿ ನಡೆದರೂ, ನಗರಸಭೆಯ ಘಟಕದಲ್ಲಿ ಆಪರೇಟರ್‌ಗಳ ಜೊತೆ ನಿಂತು ಕೆಲಸ ಮಾಡಲು ಜರ್ಮನ್ ಬೇಕೇ ಬೇಕು. ಅದನ್ನು ಕಲಿಯಲು ಮನಸ್ಸಿಲ್ಲದಿದ್ದರೆ ಈ ದಾರಿಯನ್ನು ಅಗ್ಗವೆಂಬ ಒಂದೇ ಕಾರಣಕ್ಕೆ ಹಿಡಿಯುವುದು ಬೇಡ ಎಂದು ಸ್ಪಷ್ಟವಾಗಿಯೇ ಹೇಳಿದೆ. ಕನ್ಸಲ್ಟೆನ್ಸಿ ಕೊಟ್ಟ ಹೆಸರುಗಳನ್ನು ಬಿಟ್ಟು, ಅದೇ ಕೋರ್ಸ್ ಮುಗಿಸಿದವರನ್ನು ತಾವೇ ಹುಡುಕಿ, ಕೆಲಸ ಸಿಗಲು ಎಷ್ಟು ಸಮಯ ಹಿಡಿಯಿತೆಂದು ಕೇಳಬೇಕೆಂದೂ ತಿಳಿಸಿದೆ.

ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಒತ್ತಿ ಹೇಳಿದ್ದು ಇನ್ನೊಂದಿದೆ. ಅಲ್ಲಿ ಆರೋಗ್ಯ ಕೈಕೊಟ್ಟರೆ, ಮನಸ್ಸು ಕುಸಿದರೆ, ಕೆಲಸ ಸಿಗದಿದ್ದರೆ ವಾಪಸು ಬರಬಹುದು, ಬಂದವಳನ್ನು ಯಾರೂ ಹಂಗಿಸುವುದಿಲ್ಲ ಎಂಬ ಮಾತು ಹೊರಡುವ ಮೊದಲೇ ಮನೆಯಲ್ಲಿ ಆಗಿರಬೇಕು, ಮತ್ತು ಆಗ ಸಾಲದ ಕಂತನ್ನು ಯಾರು ಎಷ್ಟು ಕಟ್ಟುತ್ತಾರೆ ಎಂಬುದೂ ಅದೇ ದಿನ ತೀರ್ಮಾನವಾಗಬೇಕು. ಆ ಮಾತು ಆಗದೆ ಹೋದ ಮಕ್ಕಳು ಅಲ್ಲಿ ಎಷ್ಟೇ ಕಷ್ಟವಿದ್ದರೂ ಫೋನಿನಲ್ಲಿ “ಚೆನ್ನಾಗಿದ್ದೀನಿ ಅಮ್ಮ” ಎಂದೇ ಹೇಳುತ್ತಿರುತ್ತಾರೆ. ನನ್ನ ಬಳಿ ತಡವಾಗಿ ಬರುವ ಪ್ರಕರಣಗಳಲ್ಲಿ ಇಂಥವು ಹೆಚ್ಚು.

ಆಕೆ ಮುಂಗಡ ಕಟ್ಟಲಿಲ್ಲ. ಕೆಲಸದಲ್ಲಿದ್ದುಕೊಂಡೇ ಸಂಜೆ ಜರ್ಮನ್ ತರಗತಿಗೆ ಹೋಗುತ್ತಿದ್ದಾರೆ, ಎಪಿಎಸ್ ಅರ್ಜಿ ಹಾಕಿದ್ದಾರೆ. ತಂದೆ ಸೈಟಿನ ಕಾಗದಗಳನ್ನು ಬ್ಯಾಂಕಿಗೆ ಕೊಟ್ಟಿಲ್ಲ. ತಾಯಿ ಒಂದು ವರ್ಷ ಜಾತಕದ ಮಾತು ಎತ್ತುವುದಿಲ್ಲ ಎಂದಿದ್ದರೂ ಪೂರ್ತಿ ಒಪ್ಪಿಲ್ಲ. ಹೀಗಾಗಿ ಮುಂದಿನ ಭೇಟಿಗೆ ತಾಯಿ, ಮಗಳು ಇಬ್ಬರೂ ಒಟ್ಟಿಗೆ ಬರಬೇಕೆಂದು ಕೇಳಿಕೊಂಡಿದ್ದೇನೆ.