ರೋಟರಿ ಸಭೆಯಲ್ಲಿ ಗಂಟೆ, ಕಾಲರ್, ಪಿನ್‌ಗಳ ಅಗತ್ಯವೇನು?

ಕುಶಾಲನಗರದಲ್ಲಿ ರೋಟರಿ ಸೇವಾ ಕ್ಲಬ್ಬಿನ ಪದಗ್ರಹಣ ಸಮಾರಂಭವೊಂದನ್ನು ನೋಡಿ ಬಂದ ನೀವು, ಸೇವೆ ಮಾಡುವವರಿಗೆ ಗಂಟೆ, ಕಾಲರ್, ಪಿನ್‌ಗಳ ಆಡಂಬರವೇಕೆ ಎಂದು ಕೇಳಿದ್ದೀರಿ. ಮಡಿಕೇರಿಯಲ್ಲಿ ಬಹುಕಾಲದಿಂದ ರೋಟರಿ ಸದಸ್ಯನಾಗಿರುವ ನನ್ನ ದೃಷ್ಟಿಯಲ್ಲಿ, ಇವುಗಳಲ್ಲಿ ಮುಖ್ಯವಾದವು ಅಧಿಕಾರವನ್ನು ತಕರಾರಿಲ್ಲದೆ ಬಿಟ್ಟುಕೊಡುವುದಕ್ಕೆ ನೆರವಾಗುವಂಥವು.

ಕಾಲರನ್ನೇ ತೆಗೆದುಕೊಳ್ಳಿ. ಅಧ್ಯಕ್ಷರು ಕೊರಳಿಗೆ ಹಾಕಿಕೊಳ್ಳುವ ಈ ಪಟ್ಟಿ ಧರಿಸಿದವರದಲ್ಲ, ಕ್ಲಬ್ಬಿನ ಸ್ವತ್ತು. ಅನೇಕ ಕ್ಲಬ್ಬುಗಳಲ್ಲಿ ಅದರ ಪಟ್ಟಿಯ ಮೇಲೆ ಹಿಂದಿನ ಅಧ್ಯಕ್ಷರ ಹೆಸರು ಕೆತ್ತಿದ ಸಣ್ಣ ಲೋಹದ ತಗಡುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ರೋಟರಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ ನಡೆಯುವುದರಿಂದ, ನಿರ್ಗಮಿತ ಅಧ್ಯಕ್ಷರು ಎಲ್ಲರ ಎದುರಿನಲ್ಲಿ ಅದನ್ನು ತಮ್ಮ ಕೊರಳಿನಿಂದ ತೆಗೆದು ಹೊಸಬರಿಗೆ ತೊಡಿಸುವ ಹೊತ್ತಿಗೆ ಕೊಡಗಿನಲ್ಲಿ ಮಳೆಗಾಲ ಬಿರುಸಾಗಿರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಆ ಸಾಲಿನ ಪದಾಧಿಕಾರಿಗಳು ಅಧಿಕಾರ ವಹಿಸಿಕೊಂಡು ಎರಡನೆಯ ತಿಂಗಳಷ್ಟೇ ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರು ತೀರ್ಮಾನಿಸಬೇಕು, ಚೆಕ್ಕಿಗೆ ಯಾರು ಸಹಿ ಹಾಕಬೇಕು ಎಂಬ ಗೊಂದಲ ಉಳಿಯಬಾರದು. ಎಲ್ಲರೂ ಕಂಡ ಹಸ್ತಾಂತರದ ಪ್ರಯೋಜನ ಇದೇ.

ಗಂಟೆಯ ಕೆಲಸ ಸರಳ: ಅಧ್ಯಕ್ಷರು ಅದನ್ನು ಬಾರಿಸಿದಾಗ ಸಭೆ ಆರಂಭವಾಗುತ್ತದೆ, ಮತ್ತೆ ಬಾರಿಸಿದಾಗ ಮುಗಿಯುತ್ತದೆ. ತೋಟದ ಮಾಲೀಕರು, ವೈದ್ಯರು, ವ್ಯಾಪಾರಿಗಳೆಲ್ಲ ಸೇರಿ ಕಾಫಿ ದರದ ಮಾತಿಗೆ ತೊಡಗಿದರೆ ಬೇರೆ ಯಾವುದೂ ಅವರನ್ನು ಕುರ್ಚಿಗೆ ತರಲಾರದು. ಕೈಲ್‌ಪೊಳ್ದ್‌ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಹೂವಿಟ್ಟು ಗೌರವಿಸುವ ನಮ್ಮ ಜಿಲ್ಲೆಗೆ, ಕೆಲಸದ ವಸ್ತುವಿಗೆ ಮರ್ಯಾದೆ ಸಲ್ಲಿಸುವುದು ಹೊಸದೇನಲ್ಲ.

ಕೋಟಿನ ಮೇಲಿನ ಪಿನ್ ಸದಸ್ಯತ್ವದ ಗುರುತು. ಅದರಲ್ಲಿರುವ ಚಕ್ರಕ್ಕೆ 24 ಹಲ್ಲುಗಳು, 6 ಅರಗಳು. 1905ರಲ್ಲಿ ಷಿಕಾಗೊದಲ್ಲಿ ಪಾಲ್ ಹ್ಯಾರಿಸ್ ಮೊದಲ ರೋಟರಿ ಕ್ಲಬ್ಬನ್ನು ಸ್ಥಾಪಿಸಿದ ಕಾಲದ ಚಿಹ್ನೆ ಬರಿಯ ಗಾಡಿಚಕ್ರವಾಗಿತ್ತು. ಊರೂರಿನ ಕ್ಲಬ್ಬುಗಳು ಪರಸ್ಪರ ಬದಲಾಯಿಸಿಕೊಳ್ಳುವ ಪುಟ್ಟ ಬ್ಯಾನರ್‌ಗಳು ಸ್ನೇಹದ ನೆನಪಿಗೆ.

ಇವೆಲ್ಲಕ್ಕಿಂತ ನಾನು ಹೆಚ್ಚು ಗೌರವಿಸುವುದು ಸಭೆಯಲ್ಲಿ ಓದುವ ಫೋರ್ ವೇ ಟೆಸ್ಟ್ ಅನ್ನು. ದಿವಾಳಿಯ ಅಂಚಿನಲ್ಲಿದ್ದ ಕಂಪನಿಯೊಂದನ್ನು ಉಳಿಸಲು ಹೊರಟ ಹರ್ಬರ್ಟ್ ಟೇಲರ್ 1932ರಲ್ಲಿ ಬರೆದುಕೊಂಡ ನಾಲ್ಕು ಪ್ರಶ್ನೆಗಳಿವು: ಇದು ಸತ್ಯವೇ? ಸಂಬಂಧಪಟ್ಟವರೆಲ್ಲರಿಗೂ ನ್ಯಾಯಸಮ್ಮತವೇ? ಸದ್ಭಾವನೆಯನ್ನೂ ಸ್ನೇಹವನ್ನೂ ಬೆಳೆಸುವುದೇ? ಎಲ್ಲರಿಗೂ ಹಿತಕರವೇ? ಇವನ್ನು ಕಂಠಪಾಠದಂತೆ ಒಪ್ಪಿಸಿಬಿಡುವ ಸಭೆಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಿಮ್ಮ ಆಕ್ಷೇಪದಲ್ಲಿ ನಾನು ಪೂರ್ತಿಯಾಗಿ ಒಪ್ಪುವ ಭಾಗವೂ ಇದೆ. ಸಾಲುಸಾಲು ಶಾಲು, ಹಾರ, ಸ್ಮರಣಿಕೆಗಳು ಪದ್ಧತಿಯ ಅಂಗವಲ್ಲ; ಅವು ಇತ್ತೀಚೆಗೆ ಅಂಟಿಕೊಂಡ ಅಭ್ಯಾಸ, ಕಡಿಮೆಯಾಗಲೇಬೇಕು. ಸದಸ್ಯರಾಗುವ ಯೋಚನೆ ನಿಮಗಿದ್ದರೆ, ಸಮಾರಂಭದ ಖರ್ಚನ್ನೂ ಸೇವಾಕಾರ್ಯಕ್ಕೆ ಸಂಗ್ರಹಿಸಿದ ಹಣವನ್ನೂ ಬೇರೆಬೇರೆ ಲೆಕ್ಕದಲ್ಲಿ ಇಡುತ್ತಾರೆಯೇ ಎಂದು ಆ ಕ್ಲಬ್ಬಿನ ಖಜಾಂಚಿಯವರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.