ಆಟದ ಪ್ರಶ್ನೋತ್ತರ: ತಂಡದಲ್ಲಿ ಜಾಗವಿಲ್ಲದ ಹುಡುಗನನ್ನು ಯಾವಾಗ ಬಿಟ್ಟುಕೊಡಬೇಕು?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಕೆಳಹಂತದ ಲೀಗಿನಲ್ಲಿ ಚೆನ್ನಾಗಿ ಬಾರಿಸುವ ಹುಡುಗನನ್ನೂ ಕ್ಲಬ್ಬುಗಳು ಬೇರೆ ತಂಡಕ್ಕೆ ಕೊಟ್ಟುಬಿಡುತ್ತವೆ. ಮುಖ್ಯ ತಂಡದಲ್ಲಿ ಜಾಗ ಖಾಲಿಯಾಗುವವರೆಗೆ ಇಟ್ಟುಕೊಂಡು ಕಾಯಬಾರದೇ?
– ಓದುಗರೊಬ್ಬರು, ಹಾಸನ

ಉತ್ತರ: ಕಾಯಬಹುದು, ಆದರೆ ಅದಕ್ಕೊಂದು ಗಡುವಿದೆ. ಪ್ರತಿ ಕ್ಲಬ್ಬಿಗೂ ಆಡಲು ಸಿದ್ಧವಿರುವ 26 ಮಂದಿಯ ಪಟ್ಟಿ, ಅವರನ್ನೂ ಒಳಗೊಂಡ 40ರ ಪಟ್ಟಿ ಇರುತ್ತದೆ. 40ರಲ್ಲಿರುವವನನ್ನು ಕೆಳಲೀಗಿಗೆ ಕಳಿಸಲು ‘ಆಪ್ಷನ್’, ಅಂದರೆ ಹಾಗೆ ಇಳಿಸುವ ಅವಕಾಶ ಬೇಕು. ಸಾಮಾನ್ಯವಾಗಿ ಸಿಗುವುದು ಮೂರು. ಒಂದು ಸೀಸನ್ನಿನಲ್ಲಿ 20 ದಿನ ಕೆಳಗೆ ಕಳೆದರೆ ಒಂದು ಖರ್ಚು. ಅದೇ ವರ್ಷ ಐದು ಸಲ ಇಳಿಸಿ ಹತ್ತಿಸಿದರೂ ಲೆಕ್ಕಕ್ಕೆ ಒಂದೇ.

ಮೂರೂ ಮುಗಿದ ಮೇಲೆ ಅವನನ್ನು 26ರಲ್ಲೇ ಇಡಬೇಕು. ಆಗದಿದ್ದರೆ ‘ಡಿಎಫ್‌ಎ’ ಮಾಡಬೇಕು, ಅಂದರೆ 40ರ ಪಟ್ಟಿಯಿಂದ ತೆಗೆದು 7 ದಿನದೊಳಗೆ ಒಂದು ತೀರ್ಮಾನಕ್ಕೆ ಬರಬೇಕು. ಬೇರೆ ಕ್ಲಬ್ಬುಗಳು ಕೇಳಿ ಪಡೆಯುವ ‘ವೇವರ್’ ಪ್ರಕ್ರಿಯೆಗೇ ಎರಡು ದಿನ ಹೋಗುವುದರಿಂದ, ಬೇರೆ ಕ್ಲಬ್ಬಿನ ಜೊತೆ ವಿನಿಮಯದ ಮಾತುಕತೆಗೆ ಉಳಿಯುವುದು ಐದೇ ದಿನ. ಕ್ಲಬ್ಬುಗಳು ಎಡವುವುದು ಇಲ್ಲೇ. ಕಣದಲ್ಲಿ ಕಾಫಿ ಹರಡಿದೆ, ಮೇಲೆ ಮೋಡ ಕವಿದಿದೆ ಎಂದು ಕಂಡ ವ್ಯಾಪಾರಿ ದರ ಏರಿಸುತ್ತಾನೆಯೇ? ಬೇರೆ ಕ್ಲಬ್ಬುಗಳೂ ಹಾಗೆಯೇ: ಸುಮ್ಮನೆ ಕಾದರೆ ಹುಡುಗ ವೇವರ್‌ನಲ್ಲಿ ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತಾನೆ. ಹಾಗಾಗಿ ಕನಿಷ್ಠ ಒಂದು ಆಪ್ಷನ್ ಉಳಿದಿರುವಾಗಲೇ ಮಾತು ಶುರು ಮಾಡಬೇಕು. ಉಳಿದ ಆಪ್ಷನ್ ಆಟಗಾರನ ಜೊತೆಗೇ ಹೋಗುತ್ತದೆ, ಕೊಳ್ಳುವವರಿಗೂ ಅದರ ಬೆಲೆ ಗೊತ್ತು.

ಅದಕ್ಕೂ ಮೊದಲು, ಹುಡುಗನನ್ನು ಬೇರೆ ಸ್ಥಾನದಲ್ಲಿ ಆಡಿಸಿ ನೋಡಿ. 1990ರ ಆಗಸ್ಟ್ 30ರಂದು ಬೋಸ್ಟನ್ ರೆಡ್ ಸಾಕ್ಸ್ ಥರ್ಡ್ ಬೇಸ್ ಎಂಬ ಸ್ಥಾನದಲ್ಲಿ ಆಡುತ್ತಿದ್ದ ತನ್ನ ಕೆಳಲೀಗಿನ ಹುಡುಗ ಜೆಫ್ ಬ್ಯಾಗ್ವೆಲ್‌ನನ್ನು ಹ್ಯೂಸ್ಟನ್ ಆಸ್ಟ್ರೋಸ್‌ಗೆ ಕೊಟ್ಟಿತು. ಮುಖ್ಯ ತಂಡದ ಆ ಜಾಗದಲ್ಲಿ ತಾರಾ ಆಟಗಾರ ವೇಡ್ ಬಾಗ್ಸ್ ಇದ್ದರು. ಬದಲಿಗೆ ಬಂದ ಪಿಚರ್ (ಚೆಂಡೆಸೆಯುವವರು) ಲ್ಯಾರಿ ಆಂಡರ್ಸನ್ 22 ಇನಿಂಗ್ಸ್ ಎಸೆದು, ಸೀಸನ್ ಮುಗಿದೊಡನೆ ಬೇರೆ ತಂಡ ಸೇರಿದರು. ಹ್ಯೂಸ್ಟನ್ ಬ್ಯಾಗ್ವೆಲ್‌ನನ್ನು ಫಸ್ಟ್ ಬೇಸ್‌ಗೆ ಸರಿಸಿತು. 1991ರಲ್ಲಿ ವರ್ಷದ ಹೊಸ ಆಟಗಾರ, 1994ರಲ್ಲಿ ಎಂವಿಪಿ (ಲೀಗಿನ ಅತ್ಯಮೂಲ್ಯ ಆಟಗಾರ), 2017ರಲ್ಲಿ ದಿಗ್ಗಜರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ! ನಮ್ಮ ಪ್ರಕಾರ ಕೊಟ್ಟದ್ದು ತಪ್ಪಲ್ಲ. ಕೆಲವೇ ವಾರಗಳ ಸೇವೆಗೆ ಅಷ್ಟು ತೆತ್ತದ್ದು ತಪ್ಪು. ಕೇಳುವುದಾದರೆ ಇನ್ನೂ ಕೆಲವು ವರ್ಷ ಒಪ್ಪಂದದಲ್ಲಿರುವ ಆಟಗಾರನನ್ನೇ ಕೇಳಬೇಕು.

ಪ್ರಶ್ನೆ: ಹೀಗೆ ಬೇರೆ ತಂಡಕ್ಕೆ ಕೊಡಲು, ಐಪಿಎಲ್‌ನಲ್ಲಿ ಬೇಕಾಗುವಂತೆ, ಆಟಗಾರನ ಒಪ್ಪಿಗೆ ಬೇಡವೇ?
– ಕಡೂರಿನಿಂದ

ಉತ್ತರ: ಬೇಡ. ಮೇಜರ್ ಲೀಗಿನಲ್ಲಿ, ಅಂದರೆ ಮೇಲ್ಹಂತದಲ್ಲಿ 10 ವರ್ಷ ಆಡಿ, ಕೊನೆಯ 5 ವರ್ಷ ಒಂದೇ ತಂಡದಲ್ಲಿದ್ದವರು, ಇಲ್ಲವೇ ಒಪ್ಪಿಗೆಯಿಲ್ಲದೆ ಕೊಡಬಾರದೆಂದು ಕರಾರಿನಲ್ಲೇ ಬರೆಸಿಕೊಂಡವರು ಮಾತ್ರ ತಡೆಯಬಲ್ಲರು. ಹೊಸ ಹುಡುಗರಿಗೆ ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಅಡ್ಡಿ ಬರುವುದು ಬೇರೆ ಕಡೆ: ಅವನು 40ರ ಪಟ್ಟಿಯಲ್ಲಿದ್ದರೆ, ಕೊಳ್ಳುವ ಕ್ಲಬ್ಬಿನ 40ರಲ್ಲೂ ಒಂದು ಜಾಗ ಖಾಲಿ ಇರಲೇಬೇಕು.